ಟಿವಿಯಲ್ಲಿ ಸಿಕ್ಕ ಗಂಡ

ನನ್ನ ಗಂಡ ಸತ್ತು ಬಹಳ ವರ್ಷಗಳಾದ ಮೇಲೆ ಟಿವಿಯವರು ನನಗೆ ಇನ್ನೊಬ್ಬನನ್ನು ಕೊಟ್ಟರು. ಅವನು ಇದ್ದದ್ದು ಅರ್ಧ ನಿಮಿಷ. ಅಷ್ಟರಲ್ಲಿಯೇ ನನ್ನ ಮೊಮ್ಮಗಳಿಗೆ ಗೊತ್ತಾದ ಸಂಬಂಧ ಮುರಿಯುವ ಹಂತಕ್ಕೆ ಬಂತು.

ಸೊಲ್ಲಾಪುರದ ಪೇಟೆಯಲ್ಲಿ ಒಬ್ಬ ಸಾವಕಾರರ ಶೇಂಗಾ ಚಟ್ನಿಯ ಅಂಗಡಿ ಇದೆ. ಅಂಗಡಿಯ ಹಿಂದೆ ತಗಡಿನ ಪತ್ರಾಸ್ ಹೊದಿಸಿದ ಒಂದು ಶೆಡ್ಡು. ಅಲ್ಲಿ ನಾವು ಆರು ಜನ ಹೆಂಗಸರು ಶೇಂಗಾ ಹುರಿಯುತ್ತೇವೆ, ಸಿಪ್ಪೆ ತೂರುತ್ತೇವೆ, ಬೆಳ್ಳುಳ್ಳಿ ಬಿಡಿಸುತ್ತೇವೆ. ಕುಟ್ಟುವುದು ಯಂತ್ರ. ಕಬ್ಬಿಣದ ಎರಡು ಹಾರೆಗಳು ಕರೆಂಟಿನ ಮೇಲೆ ಏರುತ್ತವೆ, ಇಳಿಯುತ್ತವೆ. ನಾನು ಪಕ್ಕದಲ್ಲಿ ಕೂತು ಚಟ್ನಿಯನ್ನು ಮಗುಚುತ್ತೇನೆ, ಎಣ್ಣೆ ಬಿಟ್ಟಿತೋ ಇಲ್ಲವೋ ಎಂದು ಹಿಚುಕಿ ನೋಡುತ್ತೇನೆ. ಖಾರ ಹತ್ತಿ ಹತ್ತಿ ನನ್ನ ಬೆರಳುಗಳು ಕೆಂಪಾಗಿ ಸೀಳಿವೆ. ಆ ಕೈಯಿಂದ ಕಣ್ಣು ಒರೆಸಿಕೊಳ್ಳುವಂತಿಲ್ಲ. ಅದೂ ಒಂದು ಲೆಕ್ಕದಲ್ಲಿ ಒಳ್ಳೆಯದೇ. ಅಳುವ ಚಟ ಬಿಟ್ಟುಹೋಗಿದೆ.

ಸಾವಕಾರರಿಗೆ ತಮ್ಮ ಚಟ್ನಿ ಟಿವಿಯಲ್ಲಿ ಬರಬೇಕು ಎನ್ನಿಸಿತು. ಜಾಹೀರಾತು ಮಾಡುವವನೊಬ್ಬ ಪುಣೆಯಿಂದ ಬಂದ. ಶೆಡ್ಡಿನೊಳಗೆ ಬಂದವನೇ ಕೆಮ್ಮಿದ. ಆರೂ ಜನರ ಮುಖವನ್ನು ಬದನೆಕಾಯಿ ಆರಿಸುವವನ ಹಾಗೆ ನೋಡಿ, ನನ್ನ ಕಡೆ ಬೆರಳು ಮಾಡಿ, "ಸುಕ್ಕು ಚೆನ್ನಾಗಿವೆ" ಎಂದ. ಅವನು ಮಾತಾಡಿದ್ದು ಮರಾಠಿ. ನನಗೆ ಓದು ಬರಹ ಬಾರದು, ಆದರೆ ಮರಾಠಿಯಲ್ಲಿ ಸುಕ್ಕು ಎಂದರೂ ತಿಳಿಯುತ್ತದೆ. ನಾನು ಒಪ್ಪಿಕೊಂಡೆ. ಯಾಕೆಂದರೆ ಒಂದು ದಿನ ಹೊಗೆಯಿಂದ ಹೊರಗೆ ಕೂಡುವ ಕೆಲಸ, ಮೇಲೆ ಒಂದು ಸೀರೆ.

ಚಟ್ನಿ ಆಗುವುದು ಶೆಡ್ಡಿನಲ್ಲಿ. ಚಿತ್ರ ತೆಗೆಯಲು ಮಾತ್ರ ಅಕ್ಕಲಕೋಟದ ಹತ್ತಿರದ ಒಂದು ಹಳೆಯ ವಾಡೆಗೆ ಕರೆದುಕೊಂಡು ಹೋದರು. ಕಲ್ಲಿನ ಗೋಡೆ, ಕಟ್ಟಿಗೆಯ ಕಂಬ. ಆ ವಾಡೆಯಲ್ಲಿ ಯಾರೂ ಇರಲಿಲ್ಲ, ಪಾರಿವಾಳಗಳಿದ್ದವು.

"ಇಲ್ಲಿ ಚಟ್ನಿ ಆಗೂದಿಲ್ಲರಿ," ಎಂದೆ.

"ಗೊತ್ತು ಆಜಿ," ಎಂದ ಪುಣೆಯವ. "ಆದರೆ ಟಿವಿಯಲ್ಲಿ ಕಲ್ಲಿನ ಗೋಡೆ ಕಂಡರೆ ಜನಕ್ಕೆ ನೂರು ವರ್ಷ ಹಳೆಯದು ಅನ್ನಿಸುತ್ತದೆ. ಪತ್ರಾಸ್ ಕಂಡರೆ ಸೆಕೆ ಅನ್ನಿಸುತ್ತದೆ."

ನನ್ನ ಕೂದಲಿಗೆ ಮೆಹಂದಿ ಹಚ್ಚಿ ಹಚ್ಚಿ ಅದು ಗಜ್ಜರಿಯ ಬಣ್ಣಕ್ಕೆ ಬಂದಿದೆ. ಮುಖಕ್ಕೆ ಬಣ್ಣ ಹಚ್ಚುವ ಹುಡುಗಿ ಅದರ ಮೇಲೆ ಪೌಡರ್ ಸುರಿದು ಬೆಳ್ಳಗೆ ಮಾಡಿದಳು. ಮುದುಕಿಯನ್ನು ಮುದುಕಿ ಮಾಡಲು ಅವರಿಗೆ ಒಂದು ತಾಸು ಹಿಡಿಯಿತು. ಆಮೇಲೆ ಗಾಜಿಲ್ಲದ ಕನ್ನಡಕ ಕೊಟ್ಟರು. ದೂರದ್ದೂ ಹತ್ತಿರದ್ದೂ ನನಗೆ ಸರಿಯಾಗಿ ಕಾಣುತ್ತದೆ, ಇದು ಯಾತಕ್ಕೆ ಎಂದು ಕೇಳಿದೆ.

"ನೋಡಲಿಕ್ಕೆ ಅಲ್ಲ ಆಜಿ. ಮೂಗಿನ ತುದಿಗೆ ಇಳಿಸಿ ಮೇಲಿನಿಂದ ನೋಡಬೇಕು. ಹಾಗೆ ನೋಡಿದರೆ ಪ್ರೀತಿ ಅಂತ ಜನ ತಿಳಿದುಕೊಳ್ಳುತ್ತಾರೆ."

ನಾನು ಮೂವರು ಮಕ್ಕಳನ್ನು ಬೆಳೆಸಿದೆ. ಒಂದು ದಿನವೂ ಯಾರನ್ನೂ ಕನ್ನಡಕದ ಮೇಲಿನಿಂದ ನೋಡಲಿಲ್ಲ. ಅವರು ಹೇಗೆ ಬದುಕಿದರೋ.

ಆ ಹುಡುಗಿ ಹಣೆಗೆ ಕುಂಕುಮ ಇಡಲು ಬಂದಾಗ ನಾನು ತಲೆ ಹಿಂದೆ ತೆಗೆದೆ. "ನನ್ನ ಗಂಡ ಸತ್ತಾನವಾ," ಎಂದೆ. ಅವಳ ಕೈ ಅಲ್ಲಿಯೇ ನಿಂತಿತು. ಪುಣೆಯವನನ್ನು ಕರೆದಳು. ಅವನು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಮಗುವಿಗೆ ಹೇಳುವ ಹಾಗೆ ಹೇಳಿದ: ಬೋಳು ಹಣೆ ಕಂಡರೆ ನೋಡುವವರು ಮೊದಲು ಮನೆಯಲ್ಲಿ ಸತ್ತವರು ಯಾರು ಎಂದು ಯೋಚಿಸುತ್ತಾರೆ, ಚಟ್ನಿಯ ಕಡೆ ಅವರ ಲಕ್ಷ್ಯ ಹೋಗುವುದಿಲ್ಲ.

"ಸತ್ತಿದ್ದು ಖರೆ ಐತಲ್ರಿ."

"ಖರೆ ಇರಬಹುದು ಆಜಿ. ಮೂವತ್ತು ಸೆಕೆಂಡಿನಲ್ಲಿ ಸಾಯಲಿಕ್ಕೆ ಜಾಗ ಇಲ್ಲ."

ಕುಂಕುಮ ಬಂತು. ಕುಂಕುಮ ಬಂದ ಮೇಲೆ ಗಂಡ ಬೇಕಾಯಿತು. ಮೊದಲೇ ಒಬ್ಬನನ್ನು ಅಕ್ಕಲಕೋಟದಲ್ಲಿ ನೋಡಿಟ್ಟಿದ್ದರು. ನಿವೃತ್ತಿಯಾದ ಬಸ್ ಕಂಡಕ್ಟರ್, ಹೆಂಡತಿ ಸತ್ತವನು. ಅವನನ್ನು ಕರೆಸಿದ್ದು ಮೀಸೆಗಾಗಿ. ಮೀಸೆ ಬಾಗಿಲೊಳಗೆ ಬಂದು ಸ್ವಲ್ಪ ಹೊತ್ತಿನ ಮೇಲೆ ಮನುಷ್ಯ ಬಂದ. ತಲೆಗೆ ರುಮಾಲು ಸುತ್ತಿದರು, ಕೈಗೆ ರೊಟ್ಟಿ ಕೊಟ್ಟರು. ಅವನು ಒಂದು ತುತ್ತು ಕಚ್ಚಿ ಕಣ್ಣು ಮುಚ್ಚಬೇಕು, ನಾನು ಕನ್ನಡಕದ ಮೇಲಿನಿಂದ ನೋಡಬೇಕು. ಅಷ್ಟೇ ಸಂಸಾರ.

ಆ ರೊಟ್ಟಿಯೂ ನಮ್ಮ ಕಡಕ್ ರೊಟ್ಟಿ, ಅಂದರೆ ಒಣಗಿಸಿ ತಿಂಗಳುಗಟ್ಟಲೆ ಇಡುವಂಥದ್ದು, ಹಪ್ಪಳದ ಹಾಗೆ ಮುರಿಯುವಂಥದ್ದು. ಅದರ ಹಿಂದೆ ಊದಿನಕಡ್ಡಿ ಹಚ್ಚಿಟ್ಟು ಹೊಗೆ ಎಬ್ಬಿಸಿದರು. ಕಡಕ್ ರೊಟ್ಟಿಯಿಂದ ಹೊಗೆ ಬಂದರೆ ಮನೆಗೆ ಬೆಂಕಿ ಬಿದ್ದಿದೆ ಎಂದು ಅರ್ಥ ಎಂದೆ. ಹೊಗೆ ಇಲ್ಲದಿದ್ದರೆ ತಾಯಿಯ ಕೈರುಚಿ ಕಾಣುವುದಿಲ್ಲ ಎಂದ ಪುಣೆಯವ. ಚಟ್ನಿ ದೀಪದ ಕೆಳಗೆ ಮಣ್ಣಿನ ಹಾಗೆ ಕಾಣುತ್ತದೆ ಎಂದು ಅದಕ್ಕೆ ಬಣ್ಣ ಕಲಸಿದರು, ಮೇಲೆ ಬ್ರಷ್‌ನಿಂದ ಎಣ್ಣೆ ಬಳಿದರು. ಗಂಡನಾದವನು ಕಚ್ಚುವಾಗ ಕಣ್ಣು ಮುಚ್ಚಿ, ಕ್ಯಾಮೆರಾ ನಿಂತ ಮೇಲೆ ಓಡಿಹೋಗಿ ಕಂಬದ ಬುಡದಲ್ಲಿ ಉಗುಳಿ ಬರುತ್ತಿದ್ದ. ಹಾಗೆ ಒಂಬತ್ತು ಸಲ.

ಕಡೆಗೆ ಒರಳಿನಲ್ಲಿ ಕುಟ್ಟುವ ಕೈ ಬೇಕಾಯಿತು. ನಾನು ಕೈ ಚಾಚಿದೆ. ಪುಣೆಯವ ಅದನ್ನು ಪಕ್ಕಕ್ಕೆ ಸರಿಸಿದ. ಬಣ್ಣ ಹಚ್ಚುವ ಹುಡುಗಿಯ ಕೈಗೆ ಹಸಿರು ಬಳೆ ತೊಡಿಸಿ ಒನಕೆ ಹಿಡಿಸಿದ. ಆ ಹುಡುಗಿಗೆ ಒನಕೆ ಎತ್ತಲು ಬಾರದು. ಎರಡು ಏಟು ಕುಟ್ಟಿ ಮೊಣಕೈ ಹಿಡಿದುಕೊಂಡು ಕೂತಳು. ಎರಡೇ ಸಾಕಾಯಿತಂತೆ.

ಜಾಹೀರಾತು ಮರಾಠಿ ಧಾರಾವಾಹಿಗಳ ನಡುವೆ ಬರತೊಡಗಿತು. ನನ್ನ ಬಾಯಿಂದ ಯಾವುದೋ ಮುಂಬೈ ಹೆಂಗಸಿನ ದನಿ, ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದಂಥದ್ದು. ಹಿಂದೆ ಕೊಳಲು. ಬೆಳಕೆಲ್ಲ ಹಳದಿ. ಮೊಮ್ಮಗಳು ನೋಡಿ, "ಆಯಿ, ಅರ್ಧಾ ಮಿನಿಟ ಆತು, ಒಬ್ಬರಿಗೂ ಬೈಲಿಲ್ಲ ನೀ. ಯಾರ ನಂಬ್ತಾರ ಇದನ್ನ," ಎಂದಳು.

ನಂಬುವವರು ಇದ್ದರು. ಅದನ್ನೇ ಹೇಳಲು ಹೊರಟಿದ್ದೇನೆ.

ಮೊಮ್ಮಗಳು ಟವೆಲ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ. ಬಂದ ಐದು ಸಂಬಂಧಗಳಿಗೆ ಬೇಡ ಎಂದವಳು. ಒಬ್ಬನ ನಗು ಸರಿಯಿಲ್ಲ, ಒಬ್ಬ ತಾಯಿಯನ್ನು ಕೇಳಿ ನೀರು ಕುಡಿಯುತ್ತಾನೆ, ಹೀಗೆ. ಆರನೆಯವನು ಅಕ್ಕಲಕೋಟದ ಹುಡುಗ, ನಮ್ಮ ಕುಲದವನೇ, ಮನೆಯಲ್ಲಿ ಕುರಿ ಇವೆ, ಅವನು ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಇವನಿಗೆ ಹ್ಞೂಂ ಎಂದಳು. ಯಾಕೆ ಎಂದು ಕೇಳಿದರೆ, "ಕೇಳಿದ್ದಕ್ಕಷ್ಟ ಮಾತಾಡ್ತಾನ," ಎಂದಳು. ಹುಡುಗನೂ ಅವನ ಅಪ್ಪನೂ ಬಂದು ನೋಡಿ ಒಪ್ಪಿ ಹೋಗಿದ್ದರು. ಆ ಮನೆಯಲ್ಲಿ ಕೊನೆಯ ಮಾತು ಹುಡುಗನ ಅಜ್ಜಿಯದು. ಅವಳಿಗೆ ಮೊಣಕಾಲು ನೋವು, ಬಂದಿರಲಿಲ್ಲ. ನಿಶ್ಚಯದ ಸಾಕರಪುಡಾಕ್ಕೆ ದಿನ ನೋಡುವುದೊಂದು ಬಾಕಿ.

ದಿನದ ಬದಲು ಫೋನು ಬಂತು. ನನ್ನ ಮಗ ಮಾತಾಡಿದ, ಅಂದರೆ ಕೇಳಿಸಿಕೊಂಡ. ಫೋನಿಟ್ಟು ನನ್ನ ಮುಖವನ್ನು ಹೊಸಬಳನ್ನು ನೋಡಿದ ಹಾಗೆ ನೋಡಿದ.

"ಯವ್ವಾ, ನೀ ಉಡಕಿ ಆಗೀ ಏನ?"

ನಮ್ಮಲ್ಲಿ ಗಂಡ ಸತ್ತವಳು ಇನ್ನೊಬ್ಬನ ಜೊತೆ ಸಂಸಾರ ಹೂಡಿದರೆ ಅದಕ್ಕೆ ಉಡಕಿ ಎನ್ನುತ್ತಾರೆ. ಅದು ತಪ್ಪಲ್ಲ. ಹಿರಿಯರ ಮುಂದೆ ಒಂದು ಸೀರೆ ಉಡಿಸಿದರೆ ಮುಗಿಯಿತು, ವಾಜಂತ್ರಿ ಇಲ್ಲ, ಅಕ್ಕಿಕಾಳು ಇಲ್ಲ. ಆದರೆ ಅದನ್ನು ಮುಚ್ಚಿಡುವಂತಿಲ್ಲ. ಯಾಕೆಂದರೆ ಉಡಕಿಯಾದ ಕೂಡಲೇ ನಂಟು ಬದಲಾಗುತ್ತದೆ, ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಅಕ್ಕಲಕೋಟದವರು ಲೆಕ್ಕ ಹಾಕಿದ್ದರು. ಮೀಸೆಯ ಕಂಡಕ್ಟರ್ ಅವರ ಬೆಡಗಿನವನೇ. ಒಂದು ಬೆಡಗಿನವರೆಲ್ಲ ಅಣ್ಣತಮ್ಮಂದಿರು, ಒಳಗೊಳಗೆ ಮದುವೆ ಕೂಡದು. ಸಂಬಂಧದಲ್ಲಿ ಕಂಡಕ್ಟರ್ ಹುಡುಗನಿಗೆ ಅಜ್ಜ. ಅವನ ಹೆಂಡತಿ ಎಂದರೆ ನಾನು, ಅಜ್ಜಿ. ಅಜ್ಜಿಯ ಮೊಮ್ಮಗಳು ಹುಡುಗನಿಗೆ ತಂಗಿ. ತಂಗಿಯನ್ನು ತಂದುಕೊಳ್ಳುವುದು ಹೇಗೆ?

"ಅದು ಜಾಹೀರಾತ ಅಂತ ಹೇಳಬಾರದೇನು?" ಎಂದೆ.

"ಹೇಳಿದ್ನಿ. ಆ ಮುದುಕನ್ನ ಕೇಳ್ಯಾರ ಅವರು. ಅವ ಚಾದಂಗಡ್ಯಾಗ ಕುಂತ ಮೀಸಿ ತಿರುವಿ, ನಮ್ಮ ಮನ್ಯಾಕಿ ಸೊಲ್ಲಾಪುರದಾಗ ಚಟ್ನಿ ಕುಟ್ಟತಾಳ ಅಂದಾನಂತ."

ಟಿವಿಯಲ್ಲಿ ಬಂದ ಮೇಲೆ ಅವನಿಗೆ ಊರಲ್ಲಿ ಚಹಾ ಪುಕ್ಕಟೆಯಾಗಿತ್ತು. ಚಹಾ ಕುಡಿಸಿದವರಿಗೆ ಏನಾದರೂ ಹೇಳಬೇಕಲ್ಲ. ಅವನು ಚೇಷ್ಟೆ ಮಾಡಿದ, ಅವರು ಖರೆ ಅಂದುಕೊಂಡರು.

ಮೊಮ್ಮಗಳು ಅಳಲಿಲ್ಲ. ಎರಡು ದಿನ ಟವೆಲ್ ಮಡಚುವ ಹಾಗೆ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಮೂರನೆಯ ದಿನ ನನ್ನ ಮುಂದೆ ಬಂದು ನಿಂತಳು.

"ಆಯಿ, ನೀ ಹೋಗಿ ಹೇಳಿ ಬಾ."

"ನಾ ಯಾಕ ಹೋಗ್ಲಿ? ತಪ್ಪ ನಂದಲ್ಲ."

"ತಪ್ಪ ನಿಂದಲ್ಲ. ಹಣಿ ನಿಂದ."

ಮರುದಿನ ಬೆಳಿಗ್ಗೆ ಅಕ್ಕಲಕೋಟದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನನ್ನು ಗುರುತು ಹಿಡಿದು, "ಯಜಮಾನರು ಬಂದಿಲ್ಲೇನ್ರಿ?" ಎಂದು ಕೇಳಿದಳು. ಕಿಟಕಿಯ ಕಡೆ ತಿರುಗಿ ಕೂತೆ.

ಹುಡುಗನ ಅಜ್ಜಿ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕಾಲು ಚಾಚಿ ಕೂತಿದ್ದಳು. ನನಗಿಂತ ಗಿಡ್ಡ, ನನಗಿಂತ ಗಟ್ಟಿ ದನಿ. ಬೀಗತಿಯಾಗುವವಳು ಬಂದಳೆಂದು ನೀರು ಕೊಡಿಸಿದಳು, ಬೀಗತಿ ಅನ್ನಲಿಲ್ಲ. ನಾನು ಮೊದಲು ಬೀರೋಬನ ಭಂಡಾರ ಕೇಳಿದೆ. ಅರಿಶಿನ ಹಿಡಿದು ಆಣೆ ಮಾಡುತ್ತೇನೆ, ಆ ಮನುಷ್ಯ ನನಗೆ ಯಾರೂ ಅಲ್ಲ ಎಂದೆ. ದೇವರ ಅರಿಶಿನ ಕೈಯಲ್ಲಿದ್ದರೆ ನಮ್ಮಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಹೊಲದ ಗಡಿ ಜಗಳಗಳು ಅದರಿಂದಲೇ ಮುಗಿಯುತ್ತವೆ.

ಅವಳು ಭಂಡಾರ ತರಿಸಲಿಲ್ಲ. "ಆಣಿ ಕಿವಿಲೆ ಕೇಳೂದರಿ," ಎಂದಳು. "ನಾವು ಕಣ್ಣಿಲೆ ನೋಡೀವಿ. ಹಣಿಮ್ಯಾಗ ಕುಂಕಮ, ಕೈಯಾಗ ಹಸರ ಬಳಿ. ಅವ ಉಣ್ಣಾಕತ್ತಾನ, ನೀವು ನೋಡಾಕತ್ತೀರಿ. ಗಂಡ ಅಲ್ಲದವನ್ನ ಯಾರರೆ ಹಂಗ ನೋಡ್ತಾರ?"

ಬೀರೋಬನಿಗಿಂತ ಟಿವಿ ದೊಡ್ಡದಾಗಿತ್ತು. ದೇವರಿಗೆ ಕೊಳಲು ಇರಲಿಲ್ಲ, ಹಳದಿ ಬೆಳಕೂ ಇರಲಿಲ್ಲ.

"ಆ ಮನಶ್ಯಾನ್ನ ಕರಸ್ರಿ," ಎಂದೆ. ಹುಡುಗನ ತಂಗಿ ಹೋಗಿ ನೋಡಿ ಬಂದಳು. ನಾನು ಬಸ್ಸಿನಿಂದ ಇಳಿದದ್ದು ಚಹಾದಂಗಡಿಗೆ ತಿಳಿದು, ಅವನು ಅದೇ ಬಸ್ಸು ಹತ್ತಿ ಬೋರಾಮಣಿ ಊರಿನಲ್ಲಿರುವ ಮಗಳ ಮನೆಗೆ ಹೋಗಿದ್ದನಂತೆ. ಮೀಸೆಗೆ ಇರುವ ಧೈರ್ಯ ಅವನಿಗಿರಲಿಲ್ಲ.

"ಓಡಿಹೋದಾ ಅಂದ್ರ ಏನರೆ ಐತಿ," ಎಂದಳು ಮುದುಕಿ.

ಅಲ್ಲಿಗೆ ಮುಗಿಯಿತು ಎಂದುಕೊಂಡು ಎದ್ದೆ. ಎದ್ದವಳಿಗೆ ಮಡಚಿದ ಬಟ್ಟೆಗಳು ನೆನಪಾದವು. ಮತ್ತೆ ಕೂತೆ. ಹುಡುಗನ ತಂಗಿಗೆ, "ನಿಮ್ಮ ಫೋನಿನ್ಯಾಗ ಆ ಜಾಹೀರಾತ ಅದ ಏನವಾ? ಹಚ್ಚು. ನಾ ನಿಲ್ಲಸಂದಲ್ಲಿ ನಿಲ್ಲಸು," ಎಂದೆ.

ಹಚ್ಚಿದಳು. ಒರಳು ಬಂತು, ಹಸಿರು ಬಳೆಯ ಕೈ ಬಂತು. ನಿಲ್ಲಿಸು ಎಂದೆ. ಫೋನಿನ ಪಕ್ಕದಲ್ಲಿ ನನ್ನ ಕೈ ಇಟ್ಟೆ. ಅಲ್ಲಿ ಬೆಣ್ಣೆಯಂಥ ಬೆರಳು, ಇಲ್ಲಿ ಬಿಸಿಲಿಗೆ ಒಡೆದ ಎರೆಹೊಲ. ಮುದುಕಿ ನನ್ನ ಕೈ ಎಳೆದುಕೊಂಡು ಹೆಬ್ಬೆರಳಿನಿಂದ ಸೀಳುಗಳನ್ನು ಉಜ್ಜಿ ನೋಡಿದಳು, ಬಣ್ಣ ಹಚ್ಚಿದ್ದೋ ಏನೋ ಎಂದು. ಉಜ್ಜಿದ ಬೆರಳನ್ನು ಮೂಗಿಗೆ ಹಿಡಿದು ಸೀನಿದಳು.

"ಇದು ಬ್ಯಾರೆ ಕೈ," ಎಂದಳು.

"ದನಿ ಕೇಳ್ರಿ ಈಗ."

ಸಕ್ಕರೆ ದನಿ ಬಂತು. ಅದೇ ಮಾತನ್ನು ನಾನು ನನ್ನ ದನಿಯಲ್ಲಿ ಹೇಳಿದೆ. ಹೊರಗೆ ಕಟ್ಟಿದ್ದ ಒಂದು ಕುರಿ ಎದ್ದು ನಿಂತಿತು. ಹುಡುಗಿ ನಕ್ಕಳು. ಮುದುಕಿ ನಗಲಿಲ್ಲ, ಆದರೆ ಫೋನನ್ನು ತನ್ನ ಕೈಗೆ ತೆಗೆದುಕೊಂಡಳು.

"ಆ ಹೊಗಿ ನೋಡ್ರಿ," ಎಂದೆ. "ಅದು ಯಾವ ರೊಟ್ಟಿ?"

ಅವಳು ಫೋನನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಅದು ಬಾಯಲ್ಲಿ ಮುರಿಯುವುದನ್ನು ಮತ್ತೊಮ್ಮೆ ಹಚ್ಚಿಸಿ ನೋಡಿದಳು. ಜೀವಮಾನವಿಡೀ ಕಡಕ್ ರೊಟ್ಟಿ ಬಡಿದವಳು. "ಇದಕ್ಕ ಹೊಗಿ ಹೆಂಗ ಬಂತು?" ಎಂದಳು. ಮೊದಲ ಸಲ ಅವಳಿಗೆ ಸಿಟ್ಟು ಬಂದದ್ದು ನನ್ನ ಮೇಲಲ್ಲ.

ಊದಿನಕಡ್ಡಿ ಹೇಳಿದೆ. ಪೌಡರಿನ ಕೂದಲು ಹೇಳಿದೆ, ಸೆರಗು ಸರಿಸಿ ಗಜ್ಜರಿ ಬಣ್ಣ ತೋರಿಸಿದೆ. ಗಾಜಿಲ್ಲದ ಕನ್ನಡಕ, ಪಾರಿವಾಳದ ವಾಡೆ, ಕಂಬದ ಬುಡದಲ್ಲಿ ಒಂಬತ್ತು ಸಲ ಉಗುಳಿದ ಗಂಡ. ಅವಳು ಪ್ರತಿಯೊಂದಕ್ಕೂ ಫೋನು ನೋಡಿ, ನನ್ನನ್ನು ನೋಡಿ, ಸಂತೆಯಲ್ಲಿ ಕುರಿಯ ಹಲ್ಲು ಎಣಿಸುವವಳ ಹಾಗೆ ತಲೆ ಆಡಿಸುತ್ತ ಹೋದಳು.

"ಮನಿ ನಿಮ್ಮದಲ್ಲ, ಕೈ ನಿಮ್ಮದಲ್ಲ, ದನಿ ನಿಮ್ಮದಲ್ಲ. ಮತ್ತ ಅದರಾಗ ನಿಮ್ದು ಏನೈತ್ರಿ?"

"ಮೂಗು," ಎಂದೆ.

ಅವಳು ಫೋನನ್ನು ಹುಡುಗಿಯ ಕೈಗೆ ಕೊಟ್ಟಳು. ಆಮೇಲೆ, "ರೊಟ್ಟಿ ಸುಳ್ಳಂದ ಮ್ಯಾಲ ಗಂಡನೂ ಸುಳ್ಳ ಇರಬೇಕು," ಎಂದಳು. ನನಗೆ ಜೀವ ಬಂತು. ಆದರೆ ಅವಳು ಅಲ್ಲಿಗೆ ಬಿಡುವ ಹೆಂಗಸಲ್ಲ. ಕಂಬಳಿಯ ಕೆಳಗೆ ಕೈ ಹಾಕಿ ಒಂದು ಲಕೋಟೆ ತೆಗೆದಳು. ಅದರಲ್ಲಿ ನಾವು ಕಳಿಸಿದ್ದ ಮೊಮ್ಮಗಳ ಫೋಟೋ ಇತ್ತು. ನನ್ನ ಮುಂದೆ ಇಟ್ಟಳು.

"ಇದನ್ನೂ ಹಂಗ ಹೇಳ್ರಿ. ಇದರಾಗ ಖರೆ ಎಷ್ಟ, ಸುಳ್ಳ ಎಷ್ಟ?"

ಸ್ಟುಡಿಯೋದವನು ಮುಖವನ್ನು ಸುಣ್ಣ ಬಳಿದ ಹಾಗೆ ಮಾಡಿದ್ದ. ಜಡೆ ನೆಲ ಮುಟ್ಟುತ್ತಿತ್ತು. ಹಿಂದೆ ಹೂವಿನ ತೋಟದ ಪರದೆ. ಖರೆ ಎಂದರೆ ಉಳಿಯುವುದೇನು ಎಂದು ನೋಡಿದೆ. ಸುಳ್ಳು ಹೇಳಬಹುದಿತ್ತು. ಮುದುಕಿ ನನ್ನ ಬಾಯಿ ನೋಡುತ್ತಿದ್ದಳು, ಇಷ್ಟು ಹೊತ್ತು ನಾನೇ ಅವಳಿಗೆ ನೋಡಲು ಕಲಿಸಿದ್ದೆ.

"ಬಣ್ಣ ಸುಳ್ಳ. ನನ್ನಂಗ ಕಪ್ಪ ಅದಾಳ," ಎಂದೆ. "ಜಡಿ ಚೌರಿ. ಖರೆ ಕೂದಲ ಹೆಗಲ ತನಕ. ಎತ್ತರಾನೂ ಸುಳ್ಳ, ಸೀರಿ ಕೆಳಗ ಎರಡ ಇಟ್ಟಂಗಿ ಅದಾವ."

"ಮತ್ತ?"

"ನೆಲಾ ನೋಡಿ ನಗಾಕತ್ತಾಳಲ್ಲ, ಅದೂ ಸುಳ್ಳ. ಆಕಿ ಮಾರಿ ನೋಡೆ ಮಾತಾಡಾಕಿ. ಸಿಟ್ಟ ಬಂದ್ರ ಎದರಿಗೆ ಹೇಳ್ತಾಳ. ಐದ ಮಂದಿಗಿ ಬ್ಯಾಡ ಅಂದಾಳ. ನಿಮ್ಮ ಹುಡಗಗ ಹೂಂ ಅಂದಾಳ. ಅದೊಂದ ಖರೆ."

ಹೇಳಿ ಮುಗಿಸಿ, ಈಗ ನಾನೇ ಮುರಿದೆ ಎಂದುಕೊಂಡೆ. ಕಂಡಕ್ಟರ್ ಮುರಿಯದೇ ಬಿಟ್ಟದ್ದನ್ನು ನನ್ನ ನಾಲಿಗೆ ಮುರಿಯಿತು.

ಮುದುಕಿ ಫೋಟೋವನ್ನು ಬೋರಲು ಹಾಕಿದಳು. ಲಕೋಟೆಯಿಂದ ಇನ್ನೊಂದು ತೆಗೆದಳು. ಅವಳ ಮೊಮ್ಮಗನದು, ಇದರದೇ ಇನ್ನೊಂದು ಪ್ರತಿ ನಮ್ಮ ಮನೆಗೂ ಬಂದಿತ್ತು. ಕೆಂಪು ಮೋಟರ್ ಸೈಕಲ್ಲಿಗೆ ಒರಗಿ, ಕಪ್ಪು ಕನ್ನಡಕ ಹಾಕಿ ನಿಂತಿದ್ದ.

"ಗಾಡಿ ನಮ್ಮದಲ್ಲ," ಎಂದಳು. "ರಿಪೇರಿಗಿ ಬಂದಿದ್ದು. ಕನ್ನಡಕ ಫೋಟೋದವಂದು. ಹುಡಗ ಅಷ್ಟ ನಮ್ಮವ." ಹುಡುಗಿಯ ಕಡೆ ತಿರುಗಿ, "ಚಾ ಇಡವಾ, ಬೀಗತಿ ಬಂದು ಎಷ್ಟೊತ್ತಾತು," ಎಂದಳು.

ಸೋಮವಾರ ಹುಡುಗಿಯನ್ನು ಕರೆದುಕೊಂಡು ಬರಬೇಕು, ಚೌರಿ ಇಲ್ಲದೆ, ಪೌಡರ್ ಇಲ್ಲದೆ, ಬರಿಗಾಲಲ್ಲಿ, ಆಮೇಲೆ ದಿನದ ಮಾತು ಎಂದು ಹೇಳಿ ಕಳಿಸಿದಳು.

ಮನೆಗೆ ಬಂದಾಗ ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. ಗಾಡಿಯ ವಿಷಯ ಹೇಳಿದೆ. "ಗೊತ್ತ ಐತಿ, ಅವನೆ ಫೋನಿನ್ಯಾಗ ಹೇಳ್ಯಾನ," ಎಂದಳು. ಹಾಗಾದರೆ ಫೋನಿನಲ್ಲಿ ಮಾತಾಡುತ್ತಾರೆ, ನನಗೆ ಹೇಳಿಲ್ಲ. ಅದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಇಟ್ಟಂಗಿಯ ಮಾತು ತೆಗೆದೆ.

"ಇಟ್ಟಂಗಿನೂ ಹೇಳಿದ್ಯಾ?" ಎಂದಳು.

"ಹೇಳಿದ್ನಿ."

"ಒಂದ ಅನಬೇಕಿತ್ತಲ್ಲ ಆಯಿ."

ಸೋಮವಾರ ಹೋದೆವು. ಮುದುಕಿ ಗೋಡೆ ಹಿಡಿದು ಎದ್ದು ನಿಂತಳು. ಮೊಮ್ಮಗಳನ್ನು ತಿರುಗಿಸಿ, ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿಕೊಂಡು, ಇಬ್ಬರ ತಲೆಯ ಮೇಲೂ ಅಂಗೈ ಇಟ್ಟು ನೋಡಲು ನನಗೆ ಹೇಳಿದಳು. ನಾನು ನೋಡಿದೆ. ಹುಡುಗ ಬಾಗಿಲಲ್ಲಿ ನಿಂತು ನಗು ತಡೆಯಲು ತುಟಿ ಬಿಗಿಹಿಡಿದಿದ್ದ.

"ಎಷ್ಟ ಹೆಚ್ಚ ಅದಾಳ?" ಎಂದು ಮುದುಕಿ ಕೇಳಿದಳು.

"ನಾಕ ಬಟ್ಟ," ಎಂದೆ.

"ಸಾಕು, ನಮ್ಮ ಅಡಗಿಮನಿ ಮ್ಯಾಲಿನ ಹಲಗಿಗಿ ಕೈ ಎಟಕ್ತೈತಿ," ಎಂದು ಅವಳು ಕೂತು, ಕ್ಯಾಲೆಂಡರ್ ತರಿಸಿದಳು.